ಕಿತ್ತಿದ್ದು ಸಾಕು, ಉಳಿಸಿಕೊಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಬಯಲುಸೀಮೆಯ ಒಂದು ತಾಲ್ಲೂಕಿನವನು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹಲ್ಲಿಗೆ ಸಿಗುವುದು ಒಂದೇ ಚಿಕಿತ್ಸೆ. ಕೀಳುವುದು. ವರ್ಷಗಟ್ಟಲೆ ಇದನ್ನು ನೋಡಿ ನೋಡಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಅಲ್ಲಿನ ಹಲ್ಲಿನ ಡಾಕ್ಟರನ್ನು ದೂರುತ್ತಿಲ್ಲ. ಒಳ್ಳೆಯ ಮನುಷ್ಯ. ಅಮ್ಮನ ದವಡೆ ಹಲ್ಲು ಹುಳುಕಾಗಿ ನಿದ್ದೆ ಕೆಟ್ಟಾಗ ಅವರೇ ಹೇಳಿದರು: "ಈ ಹಲ್ಲು ಉಳಿಸಬಹುದಮ್ಮ. ರೂಟ್ ಕೆನಾಲ್ ಮಾಡಿ, ಅಂದ್ರೆ ಬೇರಿನ ಒಳಗೆ ಕ್ಲೀನ್ ಮಾಡಿ ತುಂಬಿ, ಮೇಲೊಂದು ಕ್ಯಾಪ್ ಹಾಕಿದ್ರೆ ಇನ್ನೂ ಎಷ್ಟೋ ವರ್ಷ ಬಾಳುತ್ತೆ. ಆದ್ರೆ ನನ್ನ ಹತ್ರ ಎಕ್ಸ್‌ರೇ ಇಲ್ಲ, ಸಾಮಾನಿಲ್ಲ. ಪ್ರೈವೇಟಿಗೆ ಹೋಗ್ತೀರಾ, ಇಲ್ಲ ಕಿತ್ತುಬಿಡ್ಲಾ?" ಪ್ರೈವೇಟಿನಲ್ಲಿ 8,000 ರೂಪಾಯಿ ಅಂದರು. ಕೂಲಿಯಿಂದ ನಡೆಯುವ ಮನೆ ನಮ್ಮದು. ಕೀಳಿಸಿದೆವು. ಆಮೇಲೆ ಪಕ್ಕದ್ದು ಹೋಯಿತು. ಆಮೇಲೆ ಎದುರಿನದು.

ಒಂದು ಹಲ್ಲು ಹೋದರೆ ಅಲ್ಲಿಗೇ ನಿಲ್ಲುವುದಿಲ್ಲ ಅನ್ನುವುದು ನಿಮ್ಮ ಇಲಾಖೆಗೆ ಗೊತ್ತೇ ಇದೆ. ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ. ಎದುರಿನ ಹಲ್ಲು ತಡೆಯಿಲ್ಲದೆ ಹೊರಗೆ ಬರುತ್ತದೆ. ಸಂದಿಯಲ್ಲಿ ಅನ್ನ ಸಿಕ್ಕಿಕೊಂಡು ಅವೂ ಹುಳುಕಾಗುತ್ತವೆ. ಹಲ್ಲಿಲ್ಲದ ಕಡೆ ದವಡೆಯ ಮೂಳೆ ಸವೆಯುತ್ತದೆ. ತಡವಾದಷ್ಟೂ ಹಲ್ಲಿನ ಸೆಟ್ಟು ಕೂರುವುದು ಕಷ್ಟ. ಅಮ್ಮ ಪ್ರತಿ ವರ್ಷ ಕಡಲೆಕಾಯಿ ಹೊಲದಲ್ಲಿ ಕಳೆ ತೆಗೆಯುತ್ತಾರೆ, ಕಾಯಿ ಬಿಡಿಸುತ್ತಾರೆ. ಒಂದು ಕಾಳು ಅಗಿಯಲಾರರು. ಮುದ್ದೆಯೇನೋ ನುಂಗುತ್ತಾರೆ. ಅದರ ಜೊತೆ ಹುರುಳಿಕಾಳಿನ ಸಾರು ಮಾಡಿದರೆ ಕಾಳು ತಟ್ಟೆಯಲ್ಲೇ ಉಳಿಯುತ್ತದೆ. ಸಕ್ಕರೆ ಕಾಯಿಲೆ ಇದೆ, ಸೊಪ್ಪು ತರಕಾರಿ ಜಾಸ್ತಿ ತಿನ್ನಿ ಅಂತ ನಿಮ್ಮದೇ ಆಸ್ಪತ್ರೆಯಲ್ಲಿ ಹೇಳಿ ಕಳಿಸುತ್ತಾರೆ. ಯಾವುದರಿಂದ ತಿನ್ನಬೇಕು, ಸ್ವಾಮಿ? ಹಲ್ಲು ಕಿತ್ತವರೂ ನಿಮ್ಮವರೇ ಅಲ್ವಾ?

ದಂತ ಭಾಗ್ಯ ಇದೆಯಲ್ಲ ಅಂತ ನೀವು ಹೇಳಬಹುದು. ಇದೆ. ಬಿಪಿಎಲ್ ಕಾರ್ಡಿನವರಿಗೆ ಪುಕ್ಕಟೆ ಹಲ್ಲಿನ ಸೆಟ್ಟು. ಒಳ್ಳೆಯ ಯೋಜನೆ, ಅದನ್ನು ತಂದವರಿಗೆ ಕೈ ಮುಗಿಯುತ್ತೇನೆ. ಆದರೆ ಸೆಟ್ಟು ಮಾಡುವುದು ಡೆಂಟಲ್ ಕಾಲೇಜುಗಳಲ್ಲಿ. ನಮ್ಮ ತಾಲ್ಲೂಕಿನಲ್ಲಿ ಅಂಥ ಕಾಲೇಜಿಲ್ಲ. ಸೆಟ್ಟು ಒಂದೇ ದಿನಕ್ಕೆ ಆಗುವುದೂ ಅಲ್ಲ. ಅಚ್ಚು ತೆಗೆಯೋಕೆ ಹೋಗಬೇಕು. ಮೇಲಿನ ದವಡೆ, ಕೆಳಗಿನ ದವಡೆ ಹೇಗೆ ಕೂಡುತ್ತವೆ ಅಂತ ಮೇಣ ಇಟ್ಟು ಅಳತೆ ತೆಗೆಸೋಕೆ ಹೋಗಬೇಕು. ಮೇಣದಲ್ಲಿ ಹಲ್ಲು ಜೋಡಿಸಿದ ಮೇಲೆ ಹಾಕಿ ನೋಡೋಕೆ ಹೋಗಬೇಕು. ಸೆಟ್ಟು ಕೈಗೆ ಬಂದ ಮೇಲೂ ಒತ್ತುವ ಕಡೆ ಉಜ್ಜಿಸೋಕೆ ಹೋಗಬೇಕು. ಶಕ್ತಿ ಯೋಜನೆಯಿಂದ ಅಮ್ಮನಿಗೆ ಬಸ್ಸು ಫ್ರೀ. ಜೊತೆಗೆ ಹೋಗುವ ನನಗೆ ಟಿಕೆಟ್ಟೂ ಖರ್ಚು, ಆ ದಿನದ ಕೂಲಿಯೂ ಖೋತಾ. ನಾವು ಹೋದ ಕಾಲೇಜಿನಲ್ಲಿ ಅಚ್ಚು ತೆಗೆದುಕೊಂಡ ಮೇಲೆ ಅನುದಾನ ಬಂದಿಲ್ಲ ಅಂದರು. ಫೋನ್ ಮಾಡ್ತೀವಿ ಅಂದರು. ಮಾಡಲಿಲ್ಲ.

ಆಮೇಲೆ ಆಗಿದ್ದನ್ನು ನೀವು ಪೂರ್ತಿ ಓದಬೇಕು.

ಸಂತೆಯ ದಿನ ಬಸ್ ಸ್ಟ್ಯಾಂಡಿನ ಹತ್ತಿರ ಹಲ್ಲು ಕಟ್ಟುವವನೊಬ್ಬ ಕೂರುತ್ತಾನೆ. ಡಬ್ಬಿ ತುಂಬ ಹಲ್ಲುಗಳು, ಒಂದು ಕನ್ನಡಿ, ಒಂದು ಮೇಜು. ಕಾಲೇಜಿಗೆ ಅಲೆದು ಸೋತ ಅಮ್ಮ ನನಗೆ ಹೇಳದೆ ಅವನ ಹತ್ತಿರ ಹೋದರು. ಮುಂದಿನ ಮೂರು ಹಲ್ಲಿಗೆ 1,500 ರೂಪಾಯಿ. ಕೈಗವಸಿಲ್ಲ. ಪುಡಿಗೆ ದ್ರಾವಣ ಕಲಸಿ, ಹಲ್ಲು ಕೂರಿಸಿ, ಆ ಹಸಿ ಹಿಟ್ಟನ್ನು ಸೀದಾ ಒಸಡಿಗೆ ಒತ್ತಿದ್ದಾನೆ. ಆ ಮಿಶ್ರಣ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಬಾಯಿ ಸುಟ್ಟಿದೆ. ಉರಿ ಅಂದರೆ "ತಡ್ಕೊಳ್ಳಿ, ಹಿಡೀತಾ ಇದೆ" ಅಂದನಂತೆ. ಆಚೀಚೆಯ ಎರಡು ಗಟ್ಟಿ ಹಲ್ಲಿಗೆ ತಂತಿ ಸುತ್ತಿ ಬಿಗಿದು ಕಳಿಸಿದ. ತೆಗೆದು ತೊಳೆಯುವ ಹಾಗಿಲ್ಲ. ಒಳಗೆ ಅನ್ನ ಸೇರಿ ಕೊಳೆಯಿತು. ಕೀವು ಬಂತು, ಮುಖ ಊದಿತು, ಜ್ವರ ಏರಿತು. ಕೊನೆಗೆ ನಮ್ಮ ತಾಲ್ಲೂಕು ಡಾಕ್ಟರೇ ಅದನ್ನು ಕತ್ತರಿಸಿ ಬಿಡಿಸಿದರು. ತಂತಿ ಸುತ್ತಿದ್ದ ಎರಡೂ ಹಲ್ಲು ಅಲ್ಲಾಡುತ್ತಿದ್ದವು. ಅವನ್ನೂ ಕೀಳಬೇಕಾಯಿತು. ಅಮ್ಮನ ಬಾಯಲ್ಲಿ ಮೇಲುಗಡೆ ಚೆನ್ನಾಗಿದ್ದ ಹಲ್ಲು ಅವೆರಡೇ.

ಅವನು ಈಗಲೂ ಸಂತೆಯಲ್ಲಿ ಕೂರುತ್ತಾನೆ. ನೋಂದಣಿ ಇಲ್ಲದವರು ಹಲ್ಲಿನ ಚಿಕಿತ್ಸೆ ಮಾಡುವುದು ಅಪರಾಧ. ಕಾನೂನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಅವನನ್ನು ಎಬ್ಬಿಸಿ. ಆದರೆ ಅವನನ್ನು ಎಬ್ಬಿಸಿದ ದಿನವೇ ಆಸ್ಪತ್ರೆಯಲ್ಲಿ ಹಲ್ಲು ಕಟ್ಟುವುದು ಶುರುವಾಗಬೇಕು. ಇಲ್ಲದಿದ್ದರೆ ಜನ ಪಕ್ಕದ ಊರಿನ ಸಂತೆಗೆ ಹೋಗುತ್ತಾರೆ. ಆಸ್ಪತ್ರೆ ಖಾಲಿ ಕೈಯಲ್ಲಿ ಕಳಿಸುತ್ತದೆ, ಅದಕ್ಕೇ ಅವನ ಮುಂದೆ ಸಾಲು.

ಇದು ವಯಸ್ಸಾದವರ ಕಷ್ಟ ಮಾತ್ರವೂ ಅಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಫ್ಲೋರೈಡ್ ನೀರಿನ ವಿಷಯ ಇಲಾಖೆಗೆ ಹೊಸದಲ್ಲ. ಕುಡಿಯುವ ನೀರಿನ ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ ನಿಯಮ. ಫ್ಲೋರೈಡ್ ಜಾಸ್ತಿ ಇರುವ ನೀರು ಕುಡಿದು ಬೆಳೆದ ಮಕ್ಕಳಿಗೆ ಹಾಲುಹಲ್ಲು ಬಿದ್ದು ಬರುವ ಹೊಸ ಹಲ್ಲು ಸುಣ್ಣದ ಹಾಗೆ ಬಿಳಿಚಿಕೊಂಡಿರುತ್ತದೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ, ಕೆಲವರಿಗೆ ಗುಳಿ ಬಿದ್ದು ಚೂರಾಗುತ್ತದೆ. ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುತ್ತಾರೆ. ಆ ಹಲ್ಲಿಗೆ ಫಿಲ್ಲಿಂಗ್ ಮಾಡಿ, ಬಣ್ಣ ಹೊಂದಿಸಿ ಸರಿಮಾಡಬಹುದು. ನಮ್ಮ ಆಸ್ಪತ್ರೆಯಲ್ಲಿ ಅದಕ್ಕೂ ಸಾಮಾನಿಲ್ಲ.

ದೇಶದಲ್ಲೇ ಅತಿ ಹೆಚ್ಚು ಡೆಂಟಲ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಪ್ರತಿ ವರ್ಷ ಬಿಡಿಎಸ್ ಮುಗಿಸಿ ಬರುವ ಹುಡುಗ ಹುಡುಗಿಯರಿದ್ದಾರೆ. ಡಾಕ್ಟರಿಲ್ಲ ಅನ್ನುವ ಮಾತನ್ನು ನಾವು ಒಪ್ಪುವುದಿಲ್ಲ.

ದವಡೆಯ ಮೂಳೆಗೆ ತಿರುಪು ಕೂರಿಸಿ ಹಲ್ಲು ಕಟ್ಟುವ ಇಂಪ್ಲಾಂಟ್ ನಾವು ಕೇಳುತ್ತಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಹಲ್ಲಿನ ಎಕ್ಸ್‌ರೇ ಇಡಿ. ರೂಟ್ ಕೆನಾಲ್ ಮಾಡುವ, ಫಿಲ್ಲಿಂಗ್ ಮಾಡುವ, ಕ್ಯಾಪ್ ಹಾಕುವ ಸಾಮಾನು ಕೊಡಿ, ಮುಗಿದಾಗ ಮತ್ತೆ ಕೊಡಿ. ದಂತ ಭಾಗ್ಯದ ಅಚ್ಚು, ಅಳತೆ, ಉಜ್ಜಿ ಸರಿಮಾಡುವ ಕೆಲಸ ತಾಲ್ಲೂಕಿನಲ್ಲೇ ಆಗಲಿ. ಸೆಟ್ಟು ಬೇಕಾದರೆ ಕಾಲೇಜಿನ ಲ್ಯಾಬಿನಲ್ಲೇ ತಯಾರಾಗಲಿ, ಆದರೆ ಓಡಾಡಬೇಕಾದದ್ದು ಅಚ್ಚು, ನಮ್ಮ ತಾಯಂದಿರಲ್ಲ. ಅನುದಾನ ಬಂದಿಲ್ಲ ಅಂತ ಅಚ್ಚು ಕೊಟ್ಟವರನ್ನು ನಡುವೆ ಕೈಬಿಡುವುದು ನಿಲ್ಲಲಿ.

ಮತ್ತೆ ಹೇಳುತ್ತೇನೆ, ಉಳಿಯುವ ಹಲ್ಲನ್ನು ಉಳಿಸಿಕೊಡಿ. ಹೋದ ಹಲ್ಲನ್ನು ನಮ್ಮ ತಾಲ್ಲೂಕಿನಲ್ಲೇ ಕಟ್ಟಿಕೊಡಿ. ಯಾವ ತಿಂಗಳಿನಿಂದ ಅಂತ ನಿಮ್ಮಿಂದ ಉತ್ತರ ಬೇಕು.

ಇಂತಿ,
ಸರ್ಕಾರಿ ಆಸ್ಪತ್ರೆಯನ್ನೇ ನಂಬಿರುವ ಒಬ್ಬ ಮತದಾರ