ಬಿಲ್ಲು ಬದಲಿಸಬೇಡ, ಮೊದಲು ಬಾಣ ನೋಡು

ಚಿ. ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ನಾವಿಲ್ಲಿ ಎಲ್ಲರೂ ಕ್ಷೇಮ. ಸಾಗರದಲ್ಲಿ ಮಳೆ ಇನ್ನೂ ಬಿಟ್ಟಿಲ್ಲ. ಅಂಗಳಕ್ಕೆ ಇಳಿಯೋ ಹಾಗಿಲ್ಲ, ಹಾಗಾಗಿ ಕೂತು ಉದ್ದಕ್ಕೆ ಬರೆಯೋಕೆ ಪುರುಸೊತ್ತು ಸಿಕ್ಕಿತು.

ನೀನು ಕಳಿಸಿದ ವಿಡಿಯೋ ನಾಲ್ಕಾರು ಸಲ ನೋಡಿದೆ. ಬಾಣಗಳೆಲ್ಲ ಎಡಕ್ಕೇ ಹೋಗುತ್ತಿವೆ, 35 ಪೌಂಡಿನ ಬಿಲ್ಲಿಗೆ ಶಕ್ತಿ ಸಾಲದು ಅನಿಸುತ್ತದೆ, 45ರ ಲಿಂಬ್ (ಬಿಲ್ಲಿನ ಬಾಗುವ ತೋಳು) ತಗೊಳ್ಳಲಾ ಅಂತ ಕೇಳಿದ್ದೀಯ. ಬೇಡ. ಸದ್ಯಕ್ಕೆ ಒಂದು ರೂಪಾಯಿಯನ್ನೂ ಬಿಲ್ಲಿನ ಮೇಲೆ ಹಾಕಬೇಡ. ನಿನ್ನ ಬಿಲ್ಲೂ ಸರಿ ಇದೆ, ಕೈಯೂ ಸರಿ ಇದೆ. ಆಂಕರ್, ಅಂದರೆ ಹೆದೆ ಎಳೆದು ಕೈ ನಿಲ್ಲಿಸುವ ಜಾಗ, ಪ್ರತಿ ಸಲ ಬಾಯಿಯ ಮೂಲೆಗೇ ಬರುತ್ತಿದೆ. ಬಾಣಗಳು ಎಡಕ್ಕೆ ಹೋದರೂ ಒಂದೇ ಕಡೆ ಗುಂಪಾಗಿ ಬೀಳುತ್ತಿವೆ, ಗಮನಿಸಿದೆಯಾ? ಕೈಯದೇ ತಪ್ಪಾಗಿದ್ದರೆ ಚೆಲ್ಲಾಪಿಲ್ಲಿಯಾಗಿ ಬೀಳುತ್ತಿದ್ದವು.

ಆಮೇಲೆ ವಿಡಿಯೋ ನಿಲ್ಲಿಸಿ ಬಾಣದ ಮೇಲಿನ ನಂಬರು ಓದಿದೆ. 400! ಅಲ್ಲಿಗೆ ವಿಷಯ ಗೊತ್ತಾಯಿತು. ಅಂಗಡಿಯವರು ‘ಸ್ಟ್ರಾಂಗ್ ಬಾಣ, ಮುರಿಯಲ್ಲ’ ಅಂತ ಹೇಳಿ ಕೊಟ್ಟಿರುತ್ತಾರೆ. ಮುರಿಯಲ್ಲ ಅನ್ನೋದು ನಿಜ. ಆದರೆ ಅದು 50 ಪೌಂಡ್ ಆಸುಪಾಸಿನ ಬಿಲ್ಲಿನ ಬಾಣ, ನಿನ್ನ ಬಿಲ್ಲಿನದಲ್ಲ.

ಆ 400 ಅಂದರೆ ಬಾಣದ ಸ್ಪೈನ್, ಅಂದರೆ ಶಾಫ್ಟ್ (ಬಾಣದ ಕಡ್ಡಿ) ಎಷ್ಟು ಬಾಗುತ್ತದೆ ಅನ್ನೋ ಲೆಕ್ಕ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಶಾಫ್ಟ್ ಇಡುತ್ತಾರೆ. ನಡುವೆ 1.94 ಪೌಂಡ್ ತೂಕ ತೂಗುಹಾಕುತ್ತಾರೆ. ಅದು 0.400 ಇಂಚು ಬಾಗಿದರೆ ಸ್ಪೈನ್ 400, 0.700 ಇಂಚು ಬಾಗಿದರೆ 700. ನಂಬರು ದೊಡ್ಡದಾದಷ್ಟೂ ಬಾಣ ಮೆದು, ಚಿಕ್ಕದಾದಷ್ಟೂ ಗಡಸು. ಹೊಸಬರಿಗೆ ಇದು ಉಲ್ಟಾ ಅನಿಸುತ್ತದೆ, ಆದರೆ ನೆನಪಿಡೋಕೆ ಕಷ್ಟವಿಲ್ಲ.

ಬಾಣ ಯಾಕೆ ಬಾಗಬೇಕು ಅಂತ ಕೇಳುತ್ತೀಯ. ನೀನು ಬಲಗೈಯಲ್ಲಿ ಎಳೆಯೋಳು. ಬಾಣ ರೈಸರಿನ, ಅಂದರೆ ಬಿಲ್ಲಿನ ನಡುವಿನ ಹಿಡಿಭಾಗದ ಎಡಪಕ್ಕದಲ್ಲಿ, ಶೆಲ್ಫ್ ಅನ್ನೋ ಪುಟ್ಟ ಮೆಟ್ಟಿಲ ಮೇಲೆ ಕೂತಿರುತ್ತದೆ. ಬೆರಳು ಬಿಟ್ಟಾಗ ಹೆದೆ ನೇರವಾಗಿ ಮುಂದೆ ಹೋಗುವುದಿಲ್ಲ, ಬೆರಳ ತುದಿಯಿಂದ ಜಾರುವಾಗ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಹಿಂದಿನಿಂದ ಜೋರಾದ ತಳ್ಳು, ಮುಂದೆ ಮೊನೆಯ ಭಾರ. ಎರಡರ ನಡುವೆ ಸಿಕ್ಕ ಬಾಣ ಬಾಗುತ್ತದೆ. ಹಾವು ಹರಿದ ಹಾಗೆ ಆ ಕಡೆ ಈ ಕಡೆ ಬಳುಕುತ್ತಾ ರೈಸರನ್ನು ಬಳಸಿಕೊಂಡು ಆಚೆ ಹೋಗುತ್ತದೆ, ಆಮೇಲೆ ನೆಟ್ಟಗಾಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಹಿಕ್ಮನ್ ಅನ್ನೋ ವಿಜ್ಞಾನಿ ಇದನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದು ತೋರಿಸಿದರು. ನಿನ್ನ ಫೋನಿನ ಸ್ಲೋ ಮೋಷನ್‌ನಲ್ಲೂ ಸ್ವಲ್ಪ ಮಟ್ಟಿಗೆ ಕಾಣಬಹುದು, ಹಿಂದೆ ಯಾರನ್ನಾದರೂ ನಿಲ್ಲಿಸಿ ತೆಗೆಸಿ ನೋಡು.

ಗಡಸು ಬಾಣ ಹೀಗೆ ಬಳಸಿಕೊಂಡು ಹೋಗುವುದಿಲ್ಲ. ರೈಸರಿಗೆ ಒತ್ತಿಕೊಂಡು ಎಡಕ್ಕೆ ಹಾರುತ್ತದೆ. ತೀರಾ ಮೆದುವಾದರೆ ಜಾಸ್ತಿ ಬಾಗಿ ಬಲಕ್ಕೆ ಹೋಗುತ್ತದೆ. ಎಡಗೈಯಲ್ಲಿ ಎಳೆಯುವವರಿಗೆ ಇದೆಲ್ಲ ಅದಲುಬದಲು. ಹಳೇ ಕಾಲದ ಉದ್ದ ಬಿಲ್ಲುಗಳಲ್ಲಿ ಹಿಡಿಯನ್ನು ನಡುಮಧ್ಯದವರೆಗೆ ಕೊರೆದಿರುವುದಿಲ್ಲ. ಬಾಣ ದೊಡ್ಡ ಸುತ್ತು ಹಾಕಿ ಹೋಗಬೇಕು, ಹಾಗಾಗಿ ಅಷ್ಟೇ ಪೌಂಡಿಗೂ ಇನ್ನೂ ಮೆದು ಬಾಣ ಬೇಕು. ನಿನ್ನ ಟೇಕ್‌ಡೌನ್ (ಬಿಚ್ಚಿ ಜೋಡಿಸುವ) ಬಿಲ್ಲಿನಲ್ಲಿ ಕೊರೆತ ಚೆನ್ನಾಗಿ ಒಳಗಿದೆ, ಆ ತೊಂದರೆ ಕಡಿಮೆ.

ಈಗ ಪೌಂಡಿನ ಲೆಕ್ಕ. ಲಿಂಬ್ ಮೇಲೆ 35 ಅಂತ ಬರೆದಿರುವುದು 28 ಇಂಚು ಎಳೆದಾಗಿನ ಭಾರ. ನೀನು ಅಷ್ಟು ಎಳೆಯುತ್ತೀಯಾ? ಎರಡೂ ಕೈ ಚಾಚಿ ಬೆರಳ ತುದಿಯಿಂದ ತುದಿಗೆ ಅಳೆದು 2.5ರಿಂದ ಭಾಗಿಸಿದರೆ ಎಳೆತದ ಅಂದಾಜು ಸಿಗುತ್ತದೆ. ನೀನು ಬರೆದ ಅಳತೆ 65 ಇಂಚು, ಅಂದರೆ ಎಳೆತ ಸುಮಾರು 26. ಇಂಥ ಬಿಲ್ಲಿನಲ್ಲಿ ಒಂದು ಇಂಚು ಕಡಿಮೆಯಾದರೆ ಎರಡರಿಂದ ಎರಡೂವರೆ ಪೌಂಡ್ ಇಳಿಯುತ್ತದೆ. ಹಾಗಾಗಿ ನಿನ್ನ ಬೆರಳಿನ ಮೇಲೆ ಇರುವುದು 30 ಪೌಂಡೋ 31 ಪೌಂಡೋ ಅಷ್ಟೇ. 45ರ ಲಿಂಬ್ ತಂದರೂ ನಿನಗೆ ಸಿಗುವುದು 40ರ ಹತ್ತಿರ. ಆಗಲೂ ಈ ಬಾಣ ಗಡಸೇ, ಜೊತೆಗೆ ಭುಜದ ನೋವು ಬೇರೆ.

ಅಂದಾಜು ಬೇಡ, ಸರಿಯಾಗಿಯೇ ತಿಳಿಯಬೇಕು ಅಂದರೆ ಭಾವ ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗುತ್ತಾರಲ್ಲ, ಆ ಕೊಕ್ಕೆಯ ಡಿಜಿಟಲ್ ತಕ್ಕಡಿ ತಗೋ. ಕೊಕ್ಕೆಯನ್ನು ಹೆದೆಗೆ ಹಾಕಿ ನಿನ್ನ ಎಳೆತದಷ್ಟು ಎಳೆ. ಎಳೆತ ತಿಳಿಯೋಕೆ ಒಂದು ಉದ್ದ ಬಾಣಕ್ಕೆ ಗುರುತು ಹಾಕಿಕೊಳ್ಳಬೇಕು, ಗೆಳತಿ ಯಾರಾದರೂ ಪಕ್ಕದಲ್ಲಿದ್ದರೆ ಸಲೀಸು. ಬಂದ ಕಿಲೋವನ್ನು 2.2ರಿಂದ ಗುಣಿಸಿದರೆ ಪೌಂಡ್. 14 ಕಿಲೋ ಅಂದರೆ 31 ಪೌಂಡ್. ಎಳೆದ ಮೇಲೆ ನಿಧಾನವಾಗಿಯೇ ಹಿಂದಕ್ಕೆ ತಾ. ಬಾಣವಿಲ್ಲದೆ ಹೆದೆ ಬಿಟ್ಟರೆ ಲಿಂಬ್ ಸೀಳುತ್ತದೆ.

30 ಪೌಂಡಿಗೆ, 29 ಇಂಚು ಉದ್ದದ ಕಾರ್ಬನ್ ಶಾಫ್ಟಿಗೆ, 125 ಗ್ರೇನ್ (ಸುಮಾರು 8 ಗ್ರಾಂ) ಮೊನೆ ಹಾಕುವುದಾದರೆ 700ರ ಸ್ಪೈನಿನಿಂದ ಶುರು ಮಾಡು. ಶುರು ಅಂದೆ, ನೆನಪಿರಲಿ. ಕಂಪನಿಗಳ ಪಟ್ಟಿಯೂ ಶುರುವಿಗಷ್ಟೇ. ಒಂದು ಹೊಡೆತಕ್ಕೆ ಡಜನ್ ತರಿಸಬೇಡ. 700ರದು ಎರಡು, 600ರದು ಎರಡು ತರಿಸಿ ಹೊಡೆದು ನೋಡು, ಒಪ್ಪಿದ ಮೇಲೆ ಉಳಿದದ್ದು.

ಮತ್ತೆ, ಅಂಗಡಿಯಲ್ಲೇ ಕತ್ತರಿಸಿಕೊಡ್ತೀವಿ ಅಂದರೆ ಬೇಡ ಅನ್ನು. ಬಾಣ ಉದ್ದವಿದ್ದಷ್ಟೂ ಮೆದು, ಕತ್ತರಿಸಿದಷ್ಟೂ ಗಡಸು. ಉದ್ದ ಇದ್ದದ್ದನ್ನು ಕಾಲು ಇಂಚು ಕಾಲು ಇಂಚಾಗಿ ಕತ್ತರಿಸಿ ಸರಿಮಾಡಬಹುದು, ಕತ್ತರಿಸಿದ್ದನ್ನು ಉದ್ದ ಮಾಡೋಕೆ ಯಾರ ಕೈಲೂ ಆಗಲ್ಲ. ಅಲ್ಲದೆ ಅಭ್ಯಾಸವಾದ ಹಾಗೆ ಬೆನ್ನಿನ ಸ್ನಾಯು ಕೂಡಿಬಂದು ಎಳೆತ ಅರ್ಧ ಇಂಚು, ಒಂದು ಇಂಚು ಬೆಳೆಯುತ್ತದೆ. ಗಿಡ್ಡ ಬಾಣ ಶೆಲ್ಫಿನಿಂದ ಹಿಂದೆ ಜಾರಿ ಕೈಗೆ ಚುಚ್ಚಿದರೆ ಕಥೆ ಮುಗಿಯಿತು. ಮೊನೆಯ ತೂಕವೂ ಹೀಗೇ ಕೆಲಸ ಮಾಡುತ್ತದೆ. ಮೊನೆ ಭಾರವಾದರೆ ಬಾಣ ಮೆದುವಿನ ಹಾಗೆ ವರ್ತಿಸುತ್ತದೆ, ಹಗುರವಾದರೆ ಗಡಸಿನ ಹಾಗೆ. 100, 125, 145 ಗ್ರೇನಿನ ಸ್ಕ್ರೂ ಮೊನೆ ಎರಡೆರಡು ಇಟ್ಟುಕೊಂಡರೆ ಕತ್ತರಿ ಮುಟ್ಟದೆ ಎಷ್ಟೋ ಸರಿಹೋಗುತ್ತದೆ. ಹಾಗಂತ ಈ 400ರ ಬಾಣಕ್ಕೇ ಭಾರದ ಮೊನೆ ಹಾಕಿ ಸರಿಮಾಡ್ತೀನಿ ಅಂತ ಹೊರಡಬೇಡ. ಅಂತರ ಬಹಳ ಇದೆ. ಮೂತಿ ಭಾರವಾಗಿ 20 ಮೀಟರಿಗೇ ನೆಲ ಮೂಸುತ್ತದೆ.

ಒಟ್ಟು ತೂಕ ಕೂಡ ನೋಡಬೇಕು. ನಮ್ಮಂಥ ಬಿಲ್ಲುಗಳಿಗೆ ಎಳೆತದ ಪ್ರತಿ ಪೌಂಡಿಗೆ 8ರಿಂದ 10 ಗ್ರೇನ್ ತೂಕದ ಬಾಣ ಹಿತ. ನಿನ್ನ 30 ಪೌಂಡಿಗೆ 240ರಿಂದ 300, ಸ್ವಲ್ಪ ಜಾಸ್ತಿಯಾದರೂ ಚಿಂತೆಯಿಲ್ಲ. ತೀರಾ ಹಗುರವಾದರೆ ಬಾಣ ವೇಗವಾಗಿ ಹೋಗುತ್ತದೆ ನಿಜ, ಆದರೆ ಉಳಿದ ಶಕ್ತಿಯೆಲ್ಲ ಲಿಂಬಿಗೇ ಹೊಡೆಯುತ್ತದೆ. ಒಂದು ಗ್ರಾಂ ಅಂದರೆ 15.4 ಗ್ರೇನ್. ಚಿನ್ನ ತೂಗುವಂಥ ಪುಟ್ಟ ಪಾಕೆಟ್ ತಕ್ಕಡಿ ತಗೋ, ದುಬಾರಿಯೇನಲ್ಲ.

ಆ ತಕ್ಕಡಿ ನಿನಗೆ ಬೇರೆ ಕೆಲಸಕ್ಕೂ ಬೇಕು. ಬಾಣ ಬಿಲ್ಲಿಗೆ ಹೊಂದಿದರೆ ಸಾಲದು, ಬತ್ತಳಿಕೆಯ ಆರೂ ಬಾಣ ಒಂದಕ್ಕೊಂದು ಹೊಂದಬೇಕು. ನಾನಂತೂ ಇದಕ್ಕೇ ಜಾಸ್ತಿ ಬೆಲೆ ಕೊಡುತ್ತೇನೆ. ಆರೂ ಒಂದೇ ಥರ ಸ್ವಲ್ಪ ಗಡಸಾಗಿದ್ದರೆ ಗುರಿ ಸರಿಸಿಕೊಂಡು ಹೊಡೆಯಬಹುದು, ಒಂದೊಂದು ಒಂದೊಂದು ಥರ ಇದ್ದರೆ ಅರ್ಜುನನೇ ಬಂದರೂ ಗುಂಪು ಕೂಡಿಸಲಾರ. ಆರನ್ನೂ ತೂಗು. ಒಂದಕ್ಕೊಂದು 10 ಗ್ರೇನ್, ಅಂದರೆ ಸುಮಾರು 0.65 ಗ್ರಾಂ ಒಳಗಿನ ವ್ಯತ್ಯಾಸ ಇದ್ದರೆ ಸಾಕು. ಮಾರ್ಕರಿನಲ್ಲಿ 1, 2, 3 ಅಂತ ನಂಬರು ಬರೆ. ಹೊಡೆದ ಮೇಲೆ ಯಾವುದು ಎಲ್ಲಿ ಬಿತ್ತು ಅಂತ ನೋಟ್‌ಬುಕ್ಕಿನಲ್ಲಿ ಗುರುತಿಸು. ಪ್ರತಿ ಸಲವೂ 4ನೇ ಬಾಣವೇ ಹೊರಗೆ ಬೀಳುತ್ತಿದ್ದರೆ ಅದನ್ನು ಎತ್ತಿಡು, ನಿನ್ನನ್ನು ನೀನು ಬೈದುಕೊಳ್ಳಬೇಡ.

ಸ್ಪೈನ್ ಕೂಡ ಮನೆಯಲ್ಲೇ ಅಳೆಯಬಹುದು. ಹಲಗೆಗೆ 28 ಇಂಚು ದೂರದಲ್ಲಿ ಎರಡು ಮೊಳೆ ಹೊಡಿ. ಬಾಟಲಿಗೆ ನೀರು ತುಂಬಿ, ಬಾಟಲಿ ಸೇರಿ ಸರಿಯಾಗಿ 880 ಗ್ರಾಂ ಮಾಡು, 1.94 ಪೌಂಡ್ ಅಂದರೆ ಅಷ್ಟೇ. ಶಾಫ್ಟನ್ನು ಮೊಳೆಗಳ ಮೇಲಿಟ್ಟು ನಡುವೆ ಬಾಟಲಿ ಕಟ್ಟಿ ಎಷ್ಟು ಇಳಿಯಿತು ಅಂತ ಸ್ಕೇಲಿನಲ್ಲಿ ನೋಡು. 10 ಮಿಲಿಮೀಟರ್ ಇಳಿದರೆ 400, 18 ಇಳಿದರೆ 700. ನಿನ್ನ ಈಗಿನ ಬಾಣವನ್ನು ಇಟ್ಟು ನೋಡು, ನಾನು ಹೇಳಿದ್ದು ಕಣ್ಣಿಗೇ ಕಾಣುತ್ತದೆ.

ಮರದ ಬಾಣ ಬೇಕು ಅಂತ ಆಸೆಪಟ್ಟಿದ್ದೀಯ. ಚಂದ ನಿಜ, ವಾಸನೆಯೇ ಬೇರೆ. ಮರಕ್ಕೆ ಅಳತೆ ಬೇರೆ ರೀತಿ. 26 ಇಂಚು ಅಂತರ, 2 ಪೌಂಡ್ ತೂಕ, ಫಲಿತಾಂಶವನ್ನು ಪೌಂಡಿನಲ್ಲೇ ಬರೆಯುತ್ತಾರೆ. ನಿನಗೆ 30-35 ಅಂತ ಬರೆದಿರುವ ಕಟ್ಟು. ಆದರೆ ನಮ್ಮ ಮಲೆನಾಡಿನ ಮಳೆಗಾಲಕ್ಕೆ ಮರ ತೇವ ಹೀರಿ ಸೊಟ್ಟಗಾಗುತ್ತದೆ. ವಾರಕ್ಕೊಮ್ಮೆ ಕೈಯಲ್ಲಿ ತಿದ್ದುತ್ತಾ ಕೂರಬೇಕು. ಬಿದಿರಿನದೂ ಒಳ್ಳೆಯದೇ, ಆದರೆ ಒಂದೇ ತೂಕ, ಒಂದೇ ಬಾಗು ಇರುವ ಆರು ಕಡ್ಡಿ ಆರಿಸೋಕೆ ರಾಶಿ ಬಿದಿರು ಬೇಕು. ಕಲಿಯುವ ಕಾಲಕ್ಕೆ ಎರಡೂ ಬೇಡ.

ನನ್ನ ಮಟ್ಟಿಗೆ ನಿನಗೆ ಅಲ್ಯೂಮಿನಿಯಂ ಒಳ್ಳೆಯದು. ಬೆಲೆ ಕಡಿಮೆ, ಒಂದರ ಹಾಗೆ ಇನ್ನೊಂದು ಇರುತ್ತದೆ. ಅದರ ನಂಬರು ಬೇರೆ ಥರ. 1716 ಅಂದರೆ ದಪ್ಪ ಒಂದು ಇಂಚಿನ 64 ಪಾಲಿನಲ್ಲಿ 17, ಕೊಳವೆಯ ಗೋಡೆಯ ದಪ್ಪ ಇಂಚಿನ ಸಾವಿರ ಪಾಲಿನಲ್ಲಿ 16. ನಿನಗೆ 1716 ಅಥವಾ 1816 ಹೊಂದಬೇಕು. ಬಾಗಿದೆಯಾ ಅಂತ ನೋಡೋಕೆ ಗಾಜಿನ ಮೇಲೆ ಉರುಳಿಸು. ಕಾರ್ಬನ್ ಬಾಗುವುದಿಲ್ಲ, ಒಡೆಯುತ್ತದೆ. ಅದನ್ನೇ ತಗೊಂಡರೆ ಪ್ರತಿ ಸಲ ಹೊಡೆಯುವ ಮುಂಚೆ ಎರಡೂ ತುದಿ ಹಿಡಿದು ಮೆಲ್ಲಗೆ ಬಾಗಿಸಿ, ಕಿವಿಯ ಹತ್ತಿರ ಹಿಡಿದು ಕೇಳು. ಸಣ್ಣಗೆ ಚಟ್ ಅಂದರೂ ಮುರಿದು ಬಿಸಾಕು. ಸೀಳಿದ ಕಾರ್ಬನ್ ಹೆದೆಯ ಮೇಲೆ ಒಡೆದರೆ ಚೂರು ಎಡಗೈಯೊಳಗೆ ಹೋಗುತ್ತದೆ. ಈ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ ಪುಟ್ಟಿ.

ಗರಿ ಹಕ್ಕಿಯದೇ ಇರಲಿ. ನಿನ್ನ ಬಾಣದಲ್ಲಿರುವುದು ಪ್ಲಾಸ್ಟಿಕ್ ವೇನ್. ಅದು ಶೆಲ್ಫಿಗೆ ತಾಗಿದರೆ ಬಾಣವನ್ನೇ ಎತ್ತಿ ಒಗೆಯುತ್ತದೆ, ಟರ್ಕಿ ಗರಿ ಮಡಚಿಕೊಂಡು ಹೋಗುತ್ತದೆ. ಒಂದು ಬಾಣದ ಮೂರು ಗರಿಯೂ ಹಕ್ಕಿಯ ಒಂದೇ ರೆಕ್ಕೆಯದಾಗಿರಬೇಕು, ಎಡ ಬಲ ಬೆರೆಸಬಾರದು. ಮಳೆಯಲ್ಲಿ ನೆನೆಸಬೇಡ. ಬೇಟೆಯ ಅಗಲ ಅಲಗನ್ನು ಆನ್‌ಲೈನಿನಲ್ಲಿ ನೋಡಿ ಮರುಳಾಗಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮಲ್ಲಿ ಬೇಟೆಗೆ ಅವಕಾಶವಿಲ್ಲ, ದುಂಡು ಮೊನೆ ಸಾಕು.

ಹೊಸ ಬಾಣ ಬಂದಮೇಲೆ ಪರೀಕ್ಷೆ ಹೀಗೆ ಮಾಡು. ಮೊದಲು ಹೆದೆಯ ಎತ್ತರ ನೋಡು, 62 ಇಂಚಿನ ಬಿಲ್ಲಿಗೆ ಹಿಡಿಯಿಂದ ಹೆದೆಗೆ 7.5ರಿಂದ 8.25 ಇಂಚು ಇರಲಿ. ನಾಕ್ ಪಾಯಿಂಟನ್ನು, ಅಂದರೆ ಹೆದೆಯ ಮೇಲೆ ಬಾಣ ಕೂರಿಸುವ ಗುರುತನ್ನು, ಶೆಲ್ಫಿನ ಮಟ್ಟಕ್ಕಿಂತ ಅರ್ಧ ಇಂಚು ಮೇಲೆ ಕಟ್ಟು. ನಾಕ್, ಅಂದರೆ ಬಾಣದ ಹಿಂತುದಿಯ ಸೀಳು, ಹೆದೆಗೆ ಕಚ್ಚಿ ನೇತಾಡಬೇಕು, ಹೆದೆಯನ್ನು ಬೆರಳಲ್ಲಿ ತಟ್ಟಿದರೆ ಬಿದ್ದುಬಿಡಬೇಕು. ಆಮೇಲೆ ಗರಿ ಇರುವ ಮೂರು ಬಾಣ, ಗರಿಯಿಲ್ಲದ ಎರಡು ಬಾಣ, 10 ಮೀಟರಿನಿಂದ. ಗರಿ ಬಾಣದ ತಪ್ಪನ್ನು ಮುಚ್ಚಿಹಾಕುತ್ತದೆ, ಬೋಳು ಶಾಫ್ಟ್ ಸತ್ಯ ಹೇಳುತ್ತದೆ. ಬೋಳು ಬಾಣ ಗುಂಪಿಗಿಂತ ಮೇಲೆ ಬಿದ್ದರೆ ನಾಕ್ ಪಾಯಿಂಟ್ ಏರಿಸು, ಕೆಳಗೆ ಬಿದ್ದರೆ ಇಳಿಸು. ಇದು ಸರಿಯಾದ ಮೇಲೆಯೇ ಎಡ ಬಲ ನೋಡಬೇಕು. ಎಡಕ್ಕೆ ಬಿದ್ದರೆ ಗಡಸು, ಮೊನೆ ಭಾರ ಮಾಡು. ಬಲಕ್ಕೆ ಬಿದ್ದರೆ ಮೆದು, ಮೊನೆ ಹಗುರ ಮಾಡು, ಸಾಲದಿದ್ದರೆ ಕಾಲು ಇಂಚು ಕತ್ತರಿಸು. ಒಂದು ಸಲಕ್ಕೆ ಒಂದೇ ಬದಲಾವಣೆ. ಗುಂಪಿನ ಹತ್ತಿರ ಬಂದಮೇಲೆ 18 ಮೀಟರಿಗೆ ಹೋಗು. ಸುಸ್ತಾದ ದಿನ ಈ ಪರೀಕ್ಷೆ ಮಾಡಬೇಡ. ಹೆದೆ ಬಿಡುವಾಗ ಬೆರಳನ್ನು ಪಕ್ಕಕ್ಕೆ ಎಳೆದುಬಿಟ್ಟರೂ ಬಾಣ ಎಡಕ್ಕೇ ಹೋಗುತ್ತದೆ, ಆಗ ಒಳ್ಳೆ ಬಾಣದ ಮೇಲೂ ಸುಮ್ನೆ ಅನುಮಾನ.

ಹೆದೆ ಬದಲಿಸುವ ಯೋಚನೆ ಇದ್ದರೆ ಪರೀಕ್ಷೆಗೆ ಮುಂಚೆಯೇ ಬದಲಿಸು. ಸ್ವಲ್ಪ ಹಿಗ್ಗುವ ಡಾಕ್ರಾನ್ ಹೆದೆಯಿಂದ ಅಷ್ಟು ಹಿಗ್ಗದ ಫಾಸ್ಟ್‌ಫ್ಲೈಟ್ ಥರದ್ದಕ್ಕೆ ಹೋದರೆ ಬಾಣಕ್ಕೆ ಬೀಳುವ ತಳ್ಳು ಹೆಚ್ಚಾಗುತ್ತದೆ, ನಿನ್ನೆ ಹೊಂದಿದ ಬಾಣ ಇವತ್ತು ಮೆದುವಾಗಿ ಕಾಣುತ್ತದೆ. ಲಿಂಬ್ ತುದಿ ಅದನ್ನು ತಡೆಯುತ್ತದೆಯೇ ಅಂತ ಕಂಪನಿಯವರನ್ನು ಕೇಳಿಯೇ ಹಾಕು.

ಆ 400ರ ಬಾಣಗಳನ್ನು ಎಸೆಯಬೇಡ. ಉದ್ದ 30 ಇಂಚು ಹಾಗೇ ಇದೆ ಅಂದೆಯಲ್ಲ, ಇಲ್ಲಿ ನನ್ನ ಗೆಳೆಯನ ಹತ್ತಿರ 55 ಪೌಂಡಿನ ಬಿಲ್ಲಿದೆ, ಅವನಿಗೆ ಹೊಂದಬಹುದು. ದೀಪಾವಳಿಗೆ ಬರುವಾಗ ತಾ, ಅರ್ಧ ಬೆಲೆಯಾದರೂ ಕೊಡಿಸುತ್ತೇನೆ. ಬರುವ ಮುಂಚೆ ತಕ್ಕಡಿಯಲ್ಲಿ ಎಳೆದ ಕಿಲೋ ಎಷ್ಟು ಬಂತು ಅಂತ ಮೆಸೇಜ್ ಹಾಕು, 1716 ಬೇಕೋ 1816 ಬೇಕೋ ಆಮೇಲೆ ನೋಡೋಣ. ಅಕ್ಕನಿಗೂ ಭಾವನಿಗೂ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ,
ಮಾವ