ಸ್ಪೀಕರ್ ಮೈನಸ್ ಗ್ರೌಂಡಿಗೆ ಕೊಡಬೇಡಿ

ಮಾನ್ಯ ಸಂಪಾದಕರೇ,

ಸ್ಕೂಲುಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನ ಅಂದ್ರೆ ಸಾಕು, ಈಗ ಮಕ್ಕಳು ಹುಡುಕೋದು ಪಿಎಎಂ 8403 ಅನ್ನೋ, ಸೌಂಡ್ ಜೋರು ಮಾಡೋ ಆಂಪ್ಲಿಫೈಯರ್ ಬೋರ್ಡನ್ನ. ಅಂಚೆ ಚೀಟಿಯಷ್ಟೇ ಇರತ್ತೆ, ಬೆಲೆನೂ ಕಮ್ಮಿ, ಎರಡು ಸ್ಪೀಕರ್ ನಡೆಸತ್ತೆ. ಆದ್ರೆ ಇದನ್ನ ಸುಟ್ಟುಕೊಂಡು ಕೈಬಿಡೋ ಮಕ್ಕಳನ್ನ ನೋಡಿ ಬೇಜಾರಾಗಿ ಈ ಪತ್ರ ಬರೀತಿದೀನಿ, ಯಾಕಂದ್ರೆ ಇದ್ರಲ್ಲಿ ತಪ್ಪು ಮಕ್ಕಳದ್ದಲ್ಲ, ಹೇಳಿಕೊಡೋ ನಮ್ಮಂಥ ಹಳಬರದ್ದು.

ನಾನು ಕಲಿತಿದ್ದು ಎಲ್‌ಎಂ 386 ಅನ್ನೋ ಆಂಪ್ಲಿಫೈಯರ್ ಐಸಿಯಲ್ಲಿ, ಅಂದ್ರೆ ಚಿಪ್ಪಿನಲ್ಲಿ. ಎಂಟು ಕಾಲಿನ ಐಸಿ, 9 ವೋಲ್ಟ್ ಬ್ಯಾಟರಿ ಹಾಕಿದ್ರೆ ಓಡತ್ತೆ, 1 ಮತ್ತು 8ನೇ ಕಾಲಿನ ಮಧ್ಯ ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ರೆ ಗೇನ್, ಅಂದ್ರೆ ಸಿಗ್ನಲ್ ಎಷ್ಟು ಪಟ್ಟು ಹೆಚ್ಚಾಗತ್ತೆ ಅನ್ನೋದು, 20ರಿಂದ 200ಕ್ಕೆ ಏರತ್ತೆ. ಔಟ್‌ಪುಟ್ ಒಂದು ಕೆಪಾಸಿಟರ್ ದಾಟಿ ಸ್ಪೀಕರಿಗೆ ಹೋಗತ್ತೆ, ಸ್ಪೀಕರಿನ ಇನ್ನೊಂದು ವೈರ್ ಗ್ರೌಂಡಿಗೆ, ಅಂದ್ರೆ ಬ್ಯಾಟರಿಯ ಮೈನಸ್ಸಿಗೆ. ಅದೇ ಅಭ್ಯಾಸದಲ್ಲಿ, ಪಿಎಎಂ 8403 ಬೋರ್ಡ್ ಜೋಡಿಸ್ತಿದ್ದ ನಮ್ಮಣ್ಣನ ಮಗನಿಗೂ ಹೇಳಿದೆ, "ಎರಡೂ ಸ್ಪೀಕರ್ ಮೈನಸ್ ಒಟ್ಟಿಗೆ ಸೇರಿಸಿ ಗ್ರೌಂಡಿಗೆ ಕೊಡೋ ಮಗಾ, ವೈರ್ ಉಳಿಯತ್ತೆ" ಅಂತ. ಅವನು ಹಂಗೇ ಮಾಡ್ದ. ಸೌಂಡ್ ಒಡೀತು, ಚಿಪ್ ಮುಟ್ಟಕ್ಕಾಗದಷ್ಟು ಕಾದು ಬೋರ್ಡ್ ಸತ್ತೋಯ್ತು. ಅವನ ಮುಖ ನೋಡಕ್ಕಾಗಲಿಲ್ಲ ನನಗೆ.

ಆಮೇಲೆ ಡೇಟಾಶೀಟ್, ಅಂದ್ರೆ ಚಿಪ್ ತಯಾರಕರು ಕೊಡೋ ವಿವರಪತ್ರ ಓದ್ದಾಗ ಗೊತ್ತಾಯ್ತು, ಈ ಚಿಪ್‌ನಲ್ಲಿ ಸ್ಪೀಕರಿನ ಎರಡೂ ವೈರನ್ನ ಚಿಪ್ಪೇ ನಡೆಸತ್ತೆ, ಒಂದು ಮೇಲೆ ಹೋದ್ರೆ ಇನ್ನೊಂದು ಕೆಳಗೆ, ಇದಕ್ಕೆ ಬ್ರಿಡ್ಜ್ ಔಟ್‌ಪುಟ್ ಅಂತಾರೆ. ಸುಮ್ಮನಿದ್ದಾಗ್ಲೂ ಎರಡು ವೈರಲ್ಲೂ ಸಪ್ಲೈನ ಅರ್ಧ ವೋಲ್ಟೇಜ್, ಅಂದ್ರೆ 5 ವೋಲ್ಟ್ ಕೊಟ್ಟಿದ್ರೆ ಹತ್ತಿರ ಹತ್ತಿರ 2.5 ವೋಲ್ಟ್ ಇರತ್ತೆ. ಮೈನಸ್ ಅಂತ ಬರೆದಿದ್ರೂ ಅದು ಗ್ರೌಂಡ್ ಅಲ್ಲವೇ ಅಲ್ಲ. ಹಾಗಾಗಿ ಒಂದೊಂದು ಸ್ಪೀಕರಿಗೂ ಅದರದ್ದೇ ಎರಡು ವೈರ್ ಬೇಕು, ಇಯರ್‌ಫೋನ್ ಜಾಕ್‌ನ ಇದರ ಔಟ್‌ಪುಟ್ಟಿಗೆ ಹಾಕೋ ಹಾಗೇ ಇಲ್ಲ, ಯಾಕಂದ್ರೆ ಅದ್ರಲ್ಲಿ ಎಡ ಬಲ ಎರಡಕ್ಕೂ ಒಂದೇ ಕಾಮನ್ ವೈರ್.

ಎರಡನೇದು ವೋಲ್ಟೇಜು. ಇದಕ್ಕೆ 5.5 ವೋಲ್ಟ್ ದಾಟಬಾರದು, ಹಳೇ ರೂಢಿಯಲ್ಲಿ 9 ವೋಲ್ಟ್ ಬ್ಯಾಟರಿ ಇಲ್ಲಾ 12 ವೋಲ್ಟ್ ಅಡಾಪ್ಟರ್ ಕೊಟ್ರೆ ಅಲ್ಲಿಗೆ ಮುಗೀತು. 5 ವೋಲ್ಟಿನ ಒಳ್ಳೇ ಮೊಬೈಲ್ ಚಾರ್ಜರ್ ಸಾಕು, ಬೋರ್ಡ್ ಪಕ್ಕದಲ್ಲೇ ಸಪ್ಲೈಗೆ ಒಂದು 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ರೆ ಬೇಸ್ ಬಂದಾಗ ಸೌಂಡ್ ಕುಸಿಯಲ್ಲ. 3 ವಾಟ್ ಅಂತ ಮಾರೋದು 4 ಓಮ್ ಸ್ಪೀಕರ್ ಲೆಕ್ಕ, ಅದೂ ಶೇ 10ರಷ್ಟು ಡಿಸ್ಟಾರ್ಷನ್, ಅಂದ್ರೆ ಸೌಂಡ್ ಒಡೆಯೋದನ್ನ ಸೇರಿಸಿ. ಬ್ಲೂಟೂತ್ ಮಾಡ್ಯೂಲ್‌ಗೂ ಇದಕ್ಕೂ ಒಂದೇ ಸಪ್ಲೈ ಕೊಟ್ಟಾಗ ಕಿರ್ ಅನ್ನೋ ಸದ್ದು ಬಂದ್ರೆ ಬೋರ್ಡ್ ಕೆಟ್ಟಿದೆ ಅಂತ ಎಸೀಬೇಡಿ, ಮಾಡ್ಯೂಲ್‌ಗೆ ಬೇರೆ ಸಪ್ಲೈ ಕೊಟ್ಟು ನೋಡಿ.

ಎರಡನೇ ಬೋರ್ಡನ್ನ ಹುಡುಗ ತಾನೇ ಸಾಲ್ಡರ್ ಮಾಡಿ ಅಜ್ಜಿಯ ಕೆಟ್ಟ ರೇಡಿಯೋ ಡಬ್ಬದೊಳಗೆ ಕೂರಿಸಿದಾನೆ, ಫೋನ್ ಸಿಗಿಸಿದ್ರೆ ಚೆನ್ನಾಗಿ ಹಾಡತ್ತೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ವಿದ್ಯಾರ್ಥಿಗಳ ಪುಟದಲ್ಲಿ ಇಂಥ ಪ್ರಾಜೆಕ್ಟ್ ಹಾಕುವಾಗ ಎಷ್ಟು ವೋಲ್ಟ್, ಸ್ಪೀಕರ್ ವೈರ್ ಎಲ್ಲೆಲ್ಲಿಗೆ ಅನ್ನೋದನ್ನ ಚಿತ್ರದ ಜೊತೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಹಾಕಿ, ಮೇಷ್ಟ್ರುಗಳು ಕತ್ತರಿಸಿ ಲ್ಯಾಬ್ ಗೋಡೆಗೆ ಅಂಟಿಸೋ ಹಾಗಿರಲಿ.

ಇಂತಿ,
ಒಬ್ಬ ಓದುಗ, ಶಿವಮೊಗ್ಗ