ನಿಮ್ಮತ್ತೆಯವರ ನವೆಯ ವಿಚಾರ

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿಮ್ಮತ್ತೆಗೆ ಎರಡು ವರ್ಷದಿಂದ ಕೆಳಗಡೆ ನವೆ, ಚರ್ಮ ಬೆಳ್ಳಗಾಗಿದೆ ಅಂತ ಬರೆದಿದ್ದೀಯ. ಮೊಬೈಲಿನಲ್ಲಿ ಹುಡುಕಿದರೆ ವಲ್ವಾ (ಯೋನಿಯ ಹೊರಭಾಗದ) ಕ್ಯಾನ್ಸರ್ ಅಂತಲೂ ಬರುತ್ತೆ, ಅದು ಬಹಳ ಅಪರೂಪ ಅಂತಲೂ ಬರುತ್ತೆ, ಯಾವುದನ್ನ ನಂಬಲಿ ಅಂತ ಕೇಳಿದ್ದೀಯ. ಎರಡೂ ನಿಜವೇ ಕಣೇ. ಆದರೆ ಯಾರಿಗೆ ಅಪರೂಪ ಅನ್ನೋದನ್ನ ನೋಡಬೇಕು.

ಪ್ರಪಂಚದ ಕ್ಯಾನ್ಸರ್ ಲೆಕ್ಕ ಕೊಡುವ ಗ್ಲೋಬೋಕ್ಯಾನ್‌ನ 2020ರ ಅಂದಾಜಿನಲ್ಲಿ ಈ ಕ್ಯಾನ್ಸರ್ ಇಡೀ ಪ್ರಪಂಚದಲ್ಲಿ ಹೊಸದಾಗಿ ಬಂದದ್ದು ಸುಮಾರು 45,000 ಹೆಂಗಸರಿಗೆ. ಅದೇ ವರ್ಷ ಗರ್ಭಕಂಠದ ಕ್ಯಾನ್ಸರ್ ಭಾರತವೊಂದರಲ್ಲೇ 1.2 ಲಕ್ಷ ದಾಟಿತ್ತು. ಅಮೆರಿಕದ ಲೆಕ್ಕದಲ್ಲಿ ಜೀವಮಾನದಲ್ಲಿ ವಲ್ವಾ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು 333ರಲ್ಲಿ ಒಬ್ಬರಿಗೆ. ಆದರೆ ಅಲ್ಲಿ ರೋಗ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 70 ದಾಟಿದವರು. 50ರೊಳಗಿನವರು ಐದರಲ್ಲಿ ಒಂದು ಪಾಲೂ ಇಲ್ಲ. ನಿನ್ನ ವಯಸ್ಸಿನವಳಿಗೆ 'ಅಪರೂಪ' ಅಂದರೆ ಸರಿ. ಅರವತ್ತು ದಾಟಿ, ವರ್ಷಗಟ್ಟಲೆ ನವೆ ಇರುವವರಿಗೆ ಅದೇ ಮಾತು ಹೇಳಿ ಸುಮ್ಮನಾಗೋದು ತಪ್ಪು.

ಇದು ಎರಡು ದಾರಿಯಲ್ಲಿ ಬರುತ್ತೆ. ಒಂದು ಎಚ್‌ಪಿವಿ ವೈರಸ್ಸಿನಿಂದ: ಸ್ವಲ್ಪ ಕಡಿಮೆ ವಯಸ್ಸಿನವರು, ಬೀಡಿ ಸಿಗರೇಟು ಸೇದುವವರು, ಎಚ್‌ಐವಿ ಇರುವವರು, ಅಂಗಾಂಗ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯ ಮೇಲಿರುವವರು. ಇನ್ನೊಂದು ವೈರಸ್ಸಿಗೆ ಸಂಬಂಧವಿಲ್ಲದ್ದು, ಮುಟ್ಟು ನಿಂತವರಲ್ಲಿ ಲೈಕೆನ್ ಸ್ಕ್ಲೆರೋಸಸ್ ಅನ್ನೋ ಚರ್ಮರೋಗದ ಮೇಲೆ ಬೆಳೆಯುವಂಥದ್ದು. ನೀನು ಬರೆದದ್ದು ಓದಿದರೆ ಅತ್ತೆಗೆ ಇರೋದು ಬಹುಶಃ ಈ ಚರ್ಮರೋಗವೇ. ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಬಿಳುಪಾಗಿ ತೆಳ್ಳಗಾಗುತ್ತೆ, ಒಳತುಟಿಗಳು ಕರಗಿ ಅಂಟಿಕೊಳ್ಳುತ್ತವೆ, ರಾತ್ರಿ ನವೆ ಹೆಚ್ಚು. ಇದಿರುವ ನೂರು ಜನರಲ್ಲಿ ಕ್ಯಾನ್ಸರ್ ಆಗೋದು ಐದಕ್ಕಿಂತ ಕಡಿಮೆ. ಆ ಕೆಲವರಲ್ಲಿ ಇವರು ಇದ್ದಾರೋ ಇಲ್ಲವೋ ಅನ್ನೋದು ಕಣ್ಣಿಟ್ಟು ನೋಡಿದರೇ ಗೊತ್ತಾಗೋದು.

ತಡವಾಗೋದು ಎಲ್ಲಿ ಗೊತ್ತಾ? ಮೆಡಿಕಲ್ ಶಾಪಿನಲ್ಲಿ. ಸ್ಟೀರಾಯ್ಡು, ಫಂಗಸ್ ಔಷಧಿ, ಆಂಟಿಬಯಾಟಿಕ್ ಮೂರೂ ಬೆರೆಸಿದ ಟ್ಯೂಬ್ ಕೊಡ್ತಾರೆ. ನಾಲ್ಕು ದಿನ ನವೆ ನಿಲ್ಲುತ್ತೆ, ಬಿಟ್ಟರೆ ಮತ್ತೆ ಶುರು, ಇನ್ನೊಂದು ಟ್ಯೂಬು. ಇನ್ನು ಕೆಲವರು 'ಗರ್ಭಕೋಶ ತೆಗೆಸಿಯಾಗಿದೆ, ಇನ್ನೇನು ಬರುತ್ತೆ' ಅಂದುಕೊಂಡಿರ್ತಾರೆ. ನಮ್ಮ ಕಡೆ ಆ ಆಪರೇಷನ್ ಮಾಡಿಸಿಕೊಂಡವರು ಎಷ್ಟು ಜನ ಅಂತ ನಿನಗೇ ಗೊತ್ತು. ಗರ್ಭಕೋಶ ಹೋದರೂ ಹೊರಗಿನ ಚರ್ಮ ಅಲ್ಲೇ ಇರುತ್ತಲ್ಲ! ಪ್ಯಾಪ್ ಟೆಸ್ಟ್ ನಾರ್ಮಲ್ ಬಂದರೂ ಅಷ್ಟೇ, ಅದು ನೋಡೋದು ಗರ್ಭಕಂಠವನ್ನ.

ಸ್ತ್ರೀರೋಗ ತಜ್ಞೆ ಹತ್ತಿರ ಕರಕೊಂಡು ಹೋಗು, ಬಟ್ಟೆ ಸರಿಸಿ ಒಳ್ಳೆ ಬೆಳಕಿನಲ್ಲಿ ನೋಡಲಿ. ನೋಡದೆ ಚೀಟಿ ಬರೆದರೆ ಬೇರೆಯವರನ್ನ ಹುಡುಕು. ವಾಸಿಯಾಗದ ಹುಣ್ಣು, ಗಂಟು, ಉಬ್ಬಿದ ಕೆಂಪು ಅಥವಾ ಕಪ್ಪು ಕಲೆ, ರಕ್ತ, ಒಂದೇ ಕಡೆ ಬಿಡದ ನೋವು, ಮುಟ್ಟು ನಿಂತ ಮೇಲೆ ಹೊಸದಾಗಿ ಎದ್ದ ನರುಳ್ಳೆ, ಇವುಗಳಲ್ಲಿ ಒಂದಿದ್ದರೂ ಬಯಾಪ್ಸಿ ಬೇಕು. ಚುಚ್ಚಿ ಮರಗಟ್ಟಿಸಿ 3-4 ಮಿಲಿಮೀಟರಿನ ಪಂಚ್ ಅನ್ನೋ ಸಣ್ಣ ಸಾಧನದಿಂದ ಚರ್ಮದ ತುಣುಕು ತೆಗೀತಾರೆ, ಹತ್ತು ನಿಮಿಷದ ಕೆಲಸ. ತುಣುಕು ಹುಣ್ಣಿನ ಅಂಚಿನಿಂದ ಬರಬೇಕು; ನಡುವಿನ ಕೊಳೆತ ಭಾಗದಿಂದ ತೆಗೆದರೆ ಏನೂ ಹೇಳೋಕಾಗದ ರಿಪೋರ್ಟ್ ಬರುತ್ತೆ. 'ಚಿಕ್ಕ ಗಂಟು, ಪೂರ್ತಿ ತೆಗೆದುಬಿಡೋಣ' ಅಂದರೆ ಒಪ್ಪಬೇಡ. ಕ್ಯಾನ್ಸರ್ ಅಂತಾದರೆ ಎಷ್ಟು ಅಗಲ ಕತ್ತರಿಸಬೇಕು, ತೊಡೆಸಂದಿನ ಯಾವ ಗ್ರಂಥಿ ಪರೀಕ್ಷಿಸಬೇಕು ಅಂತ ನಿರ್ಧರಿಸಲು ಮೂಲ ಜಾಗ ಕಣ್ಣಿಗೆ ಕಾಣಬೇಕು.

ರಿಪೋರ್ಟಿನಲ್ಲಿ ಕ್ಯಾನ್ಸರ್ ಅಂತ ಇದ್ದರೆ ಎಷ್ಟು ಆಳಕ್ಕಿಳಿದಿದೆ ಅನ್ನೋದನ್ನ ಮೊದಲು ಕೇಳು. ಅಗಲ 2 ಸೆಂಟಿಮೀಟರ್ ಮೀರದೆ ಆಳ 1 ಮಿಲಿಮೀಟರ್ ಮೀರದಿದ್ದರೆ ಆ ಜಾಗವಷ್ಟೇ ತೆಗೆದರೆ ಸಾಕು. ಮೀರಿದರೆ ತೊಡೆಸಂದಿನ ಗ್ರಂಥಿಗಳನ್ನೂ ನೋಡಬೇಕಾಗುತ್ತೆ. ಅವನ್ನೆಲ್ಲ ತೆಗೆದರೆ ಕಾಲು ಬಾವು ಎಷ್ಟೋ ಜನರಿಗೆ ಕಡೆತನಕ ಕಾಡುತ್ತೆ. ಅಂಥ ಆಪರೇಷನ್ನಿಗೆ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೇ ಹೋಗಬೇಕು. ರೋಗ ಆ ಜಾಗ ಬಿಟ್ಟು ಹರಡದಿದ್ದರೆ ಐದು ವರ್ಷ ದಾಟುವವರು ನೂರಕ್ಕೆ ಸುಮಾರು 85, ಗ್ರಂಥಿಗೆ ತಲುಪಿದರೆ ಸುಮಾರು 50. ಇದೂ ಅಮೆರಿಕದ್ದೇ ಲೆಕ್ಕ.

ಬರೀ ಲೈಕೆನ್ ಸ್ಕ್ಲೆರೋಸಸ್ ಅಂತಾದರೆ ಸಾಮಾನ್ಯವಾಗಿ ಬರೆಯೋದು ಕ್ಲೊಬೆಟಾಸೋಲ್ 0.05% ಮುಲಾಮು: ಒಂದು ತಿಂಗಳು ದಿನಾ ರಾತ್ರಿ, ಇನ್ನೊಂದು ತಿಂಗಳು ದಿನ ಬಿಟ್ಟು ದಿನ, ಮೂರನೇ ತಿಂಗಳು ವಾರಕ್ಕೆರಡು ಸಲ. ತೋರುಬೆರಳಿನ ಮೊದಲ ಗೆಣ್ಣಿನುದ್ದ ಹಿಂಡಿದರೆ ಒಂದು ಸಲಕ್ಕೆ ಸಾಕು. 30 ಗ್ರಾಂ ಟ್ಯೂಬ್ ಮೂರು ತಿಂಗಳು ಬರುತ್ತೆ. ಸ್ಟೀರಾಯ್ಡ್ ಅಂತ ಹೆದರಿ ನವೆ ನಿಂತ ಕೂಡಲೇ ಬಿಟ್ಟುಬಿಡುವವರೇ ಹೆಚ್ಚು. ಬಿಡಬಾರದು, ಆಮೇಲೂ ಡಾಕ್ಟರು ಹೇಳಿದಷ್ಟು ಹಚ್ಚುತ್ತಿದ್ದರೆ ಕ್ಯಾನ್ಸರ್ ಆಗುವ ಸಂಭವವೂ ತಗ್ಗುತ್ತೆ. ಸೋಪು, ಆಂಟಿಸೆಪ್ಟಿಕ್ ನೀರು ಆ ಜಾಗಕ್ಕೆ ಬೇಡ. ಮೂರು ತಿಂಗಳಾದರೂ ಒಂದು ಕಡೆ ಮಾತ್ರ ದಪ್ಪಗೆ ಉಳಿದರೆ ಬಯಾಪ್ಸಿ ಮಾಡಿ ಅಂತ ನೀನೇ ಕೇಳು. ವರ್ಷಕ್ಕೊಮ್ಮೆಯಾದರೂ ತೋರಿಸ್ತಾ ಇರಿ.

ಅವರು ಮಗನ ಮುಂದೆ ಬಾಯಿ ಬಿಡಲ್ಲ, ಅದಕ್ಕೆ ನೀನೇ ಜೊತೆಗೆ ಹೋಗು. ಇಷ್ಟು ದಿನ ಹಚ್ಚಿದ ಟ್ಯೂಬುಗಳನ್ನೆಲ್ಲ ಚೀಲಕ್ಕೆ ಹಾಕಿಕೋ, ಖಾಲಿಯಾದವನ್ನೂ. ಸಕ್ಕರೆ ಕಾಯಿಲೆಯ ರಿಪೋರ್ಟ್ ಇದ್ದರೆ ಅದನ್ನೂ ಒಯ್ಯಿ. ಶುಗರ್ ಜಾಸ್ತಿ ಇದ್ದರೆ ಫಂಗಸ್ಸಿನಿಂದಲೂ ಇಂಥದೇ ನವೆ ಬರುತ್ತೆ.

ಇಂತಿ,
ನಿನ್ನ ದೊಡ್ಡಮ್ಮ